ಯಾವುದು ಮೊದಲು, ಯಾವುದು ಕೊನೆಗೆ: ಹಳೆಯ ಕಾರಿನ ಹಂತಹಂತದ ಜೀರ್ಣೋದ್ಧಾರ

ಹಳೆಯ ಕಾರೊಂದನ್ನು ಬಿಚ್ಚಿಹಾಕಲು ಹೆಚ್ಚಿನ ಕೌಶಲವೇನೂ ಬೇಕಾಗಿಲ್ಲ. ಒಂದು ಸೆಟ್ ಸ್ಪ್ಯಾನರ್, ಒಂದು ಜ್ಯಾಕ್ ಮತ್ತು ಒಂದಿಷ್ಟು ಉತ್ಸಾಹವಿದ್ದರೆ ಕೆಲವೇ ವಾರಾಂತ್ಯಗಳಲ್ಲಿ ಬಾನೆಟ್ಟಿನಿಂದ ಡಿಕ್ಕಿಯವರೆಗಿನ ಎಲ್ಲವೂ ಗ್ಯಾರೇಜಿನ ನೆಲದ ಮೇಲೆ ಹರಡಿಕೊಳ್ಳುತ್ತದೆ. ಕಷ್ಟವಿರುವುದು ಅದನ್ನು ಮರಳಿ ಜೋಡಿಸುವಲ್ಲಿ. ‘ಅರ್ಧ ಕೆಲಸ ಮುಗಿದಿದೆ’ ಎಂದು ಮಾರಾಟಕ್ಕೆ ಬರುವ ಕ್ಲಾಸಿಕ್ ಕಾರುಗಳ ಕಥೆ ಬಹುಮಟ್ಟಿಗೆ ಒಂದೇ ಬಗೆಯದು: ಬಾಡಿ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ, ಯಾವ ಬೋಲ್ಟು ಯಾವ ಜಾಗದ್ದೆಂದು ಯಾರಿಗೂ ನೆನಪಿಲ್ಲದ ಡಬ್ಬಿಗಳ ಸಾಲು ಮತ್ತೊಂದು ಕಡೆ. ಹಣ ಸಾಲದೆಯೋ ತಿಳಿವಳಿಕೆ ಸಾಲದೆಯೋ ಇವು ನಿಂತುಹೋದವು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಇವುಗಳಲ್ಲಿ ಹೆಚ್ಚಿನವು ನಿಂತದ್ದು ಕೆಲಸದ ಕ್ರಮ ತಪ್ಪಿದ್ದರಿಂದ ಎಂಬುದು ನನ್ನ ಅಭಿಪ್ರಾಯ; ಮನೆಯಲ್ಲಿ ಹವ್ಯಾಸಕ್ಕಾಗಿ ಮಾಡುವ ಜೀರ್ಣೋದ್ಧಾರದಲ್ಲಿ ಕೈಚಳಕಕ್ಕಿಂತ ಕ್ರಮವೇ ಹೆಚ್ಚು ನಿರ್ಣಾಯಕ.

ಈ ಕೆಲಸಕ್ಕೆ ಸ್ಥೂಲವಾಗಿ ಎರಡು ದಾರಿಗಳಿವೆ. ಮೊದಲನೆಯದು ಕಾರನ್ನು ಕೊನೆಯ ಸ್ಕ್ರೂವಿನವರೆಗೂ ಬಿಚ್ಚಿ, ಪ್ರತಿಯೊಂದು ಭಾಗವನ್ನೂ ಹೊಸದರಂತೆ ಮಾಡಿ, ಮತ್ತೆ ಕಟ್ಟುವುದು. ವಿಶಾಲವಾದ ಜಾಗ, ಎಲ್ಲ ಬಗೆಯ ಯಂತ್ರೋಪಕರಣ ಮತ್ತು ದಿನವಿಡೀ ಅದರಲ್ಲೇ ತೊಡಗಿಕೊಳ್ಳುವ ಕೆಲಸಗಾರರಿರುವ ವೃತ್ತಿಪರ ಗ್ಯಾರೇಜುಗಳಿಗೆ ಇದು ಹೊಂದುತ್ತದೆ. ಎರಡನೆಯದರಲ್ಲಿ ಕಾರು ಸಾಧ್ಯವಾದಷ್ಟು ಕಾಲ ಓಡುವ ಸ್ಥಿತಿಯಲ್ಲೇ ಇರುತ್ತದೆ. ಒಂದು ಸಲಕ್ಕೆ ಒಂದೇ ವ್ಯವಸ್ಥೆಯನ್ನು, ಅಂದರೆ ಬ್ರೇಕನ್ನೋ ವೈರಿಂಗನ್ನೋ ಒಂದು ಬದಿಯ ಸಸ್ಪೆನ್ಷನ್ನನ್ನೋ ಕೈಗೆತ್ತಿಕೊಂಡು, ಅದನ್ನು ಮುಗಿಸಿ, ಕಾರು ತನ್ನ ನಾಲ್ಕು ಚಕ್ರಗಳ ಮೇಲೆ ನಿಂತ ಮೇಲೆ ಮಾತ್ರ ಮುಂದಿನದಕ್ಕೆ ಕೈಹಾಕಲಾಗುತ್ತದೆ. ಬಿಡುವಿನ ವೇಳೆಯಲ್ಲಿ, ಸಂಬಳದಲ್ಲಿ ಉಳಿದ ಹಣದಲ್ಲಿ, ಒಂದೇ ಕಾರು ಹಿಡಿಸುವ ಗ್ಯಾರೇಜಿನಲ್ಲಿ ಕೆಲಸ ಮಾಡುವವರಿಗೆ ಎರಡನೆಯ ದಾರಿಯೇ ಸರಿ.

ಉತ್ಸಾಹ ಬತ್ತದಿರುವುದಷ್ಟೇ ಇದರ ಲಾಭವಲ್ಲ, ಗಟ್ಟಿಯಾದ ತಾಂತ್ರಿಕ ಕಾರಣವೂ ಇದೆ. ಪೂರ್ತಿ ಬಿಚ್ಚಿ ಕಟ್ಟಿದ ಕಾರನ್ನು ಮೊದಲ ಬಾರಿ ಸ್ಟಾರ್ಟ್ ಮಾಡುವಾಗ ಇಗ್ನಿಷನ್, ಇಂಧನ, ವೈರಿಂಗ್, ವಾಲ್ವ್ ಎಲ್ಲವೂ ಏಕಕಾಲಕ್ಕೆ ಬದಲಾಗಿರುತ್ತವೆ. ಎಂಜಿನ್ ಓಡದಿದ್ದರೆ ದೋಷ ಎಲ್ಲಿ ಬೇಕಾದರೂ ಇರಬಹುದು, ಒಂದಕ್ಕಿಂತ ಹೆಚ್ಚು ಕಡೆಯೂ ಇರಬಹುದು. ನಿನ್ನೆ ಓಡುತ್ತಿದ್ದ ಕಾರಿನಲ್ಲಿ ಇವತ್ತು ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಒಂದನ್ನೇ ಮುಟ್ಟಿದ್ದರೆ, ಅದು ಓಡದಿದ್ದಾಗ ಹುಡುಕಬೇಕಾದ ಜಾಗವೂ ಒಂದೇ.

ಇನ್ನೊಂದು ಪ್ರಶ್ನೆಯನ್ನೂ ಆರಂಭದಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕು: ಎಷ್ಟರಮಟ್ಟಿಗೆ ಹೊಸದಾಗಿಸಬೇಕು? ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ ಕನಿಷ್ಠ 30 ವರ್ಷ ಹಳೆಯದಾದ, ಮೂಲ ಸ್ವರೂಪವನ್ನು ಉಳಿಸಿಕೊಂಡ ವಾಹನವನ್ನು ಐತಿಹಾಸಿಕ ಎಂದು ಪರಿಗಣಿಸುತ್ತದೆ. ಅದು 2013ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಕಟ್ಟಡಗಳ ಸಂರಕ್ಷಣೆಗೆ ಸಂಬಂಧಿಸಿದ 1964ರ ವೆನಿಸ್ ಸನ್ನದಿನ ಜಾಡಿನಲ್ಲಿ ನಡೆದು, ಇದ್ದುದನ್ನು ಇದ್ದಂತೆ ಕಾಪಾಡುವುದಕ್ಕೂ ಕಳೆದುಹೋದುದನ್ನು ಮರಳಿ ಕಟ್ಟುವುದಕ್ಕೂ ನಡುವೆ ಗೆರೆ ಎಳೆಯುತ್ತದೆ. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ, ಮಾಸಿದ ಮೂಲ ಸೀಟಿನ ಹೊದಿಕೆ, ಮೊದಲ ಮಾಲೀಕನ ಕಾಲದ ಸವೆತ ಇವನ್ನು ಒಮ್ಮೆ ಕಿತ್ತುಹಾಕಿದರೆ ಯಾವ ಹಣಕ್ಕೂ ಅವು ಮರಳಿ ಬರುವುದಿಲ್ಲ. ಹಂತಹಂತವಾಗಿ ಮಾಡುವವನಿಗೆ ಈ ನಿರ್ಧಾರವನ್ನು ಮುಂದೂಡುವ ಅವಕಾಶವಿರುತ್ತದೆ, ಮತ್ತು ಎರಡು ವರ್ಷ ಅದನ್ನು ಓಡಿಸಿದ ಮೇಲೆ, ಬದಲಿಸಲೇಬೇಕೆಂದುಕೊಂಡಿದ್ದ ಎಷ್ಟೋ ಭಾಗಗಳನ್ನು ಬದಲಿಸಬೇಕಾಗಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ.

ಬಿಚ್ಚುವ ಮೊದಲು

ಕಾರಿನ ಆಯ್ಕೆಯಲ್ಲಿ ಬಿಡಿಭಾಗಗಳ ಲಭ್ಯತೆ ಉಳಿದೆಲ್ಲಕ್ಕಿಂತ ಮುಖ್ಯ. 1938ರಿಂದ 2003ರವರೆಗೆ ತಯಾರಾಗಿ 2 ಕೋಟಿ 10 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂದ ಫೋಕ್ಸ್‌ವ್ಯಾಗನ್ ಬೀಟಲ್, 1948ರಿಂದ 1971ರವರೆಗೆ ತಯಾರಾದ ಮಾರಿಸ್ ಮೈನರ್, 1962ರಿಂದ 1980ರವರೆಗಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ಇಂಥ ಕಾರುಗಳಿಗೆ ಇಂದಿಗೂ ಹೊಸ ಭಾಗಗಳು ತಯಾರಾಗುತ್ತಿವೆ. ಎಂಜಿಬಿಯ ಇಡೀ ಬಾಡಿಯನ್ನೇ 1988ರಲ್ಲಿ ಮೂಲ ಅಚ್ಚುಗಳಿಂದ ಮತ್ತೆ ತಯಾರಿಸಲಾಯಿತು. ಅಪರೂಪದ ಕಾರಿನಲ್ಲಿ ಎಂಜಿನ್ ಭಾಗಗಳನ್ನು ಹೇಗಾದರೂ ಲೇತ್ ಮೇಲೆ ಮಾಡಿಸಬಹುದು. ಸಿಗದೆ ಸತಾಯಿಸುವುದು ಕ್ರೋಮಿನ ಪಟ್ಟಿ, ದೀಪದ ಗಾಜು, ಬಾಗಿಲಿನ ಹಿಡಿ, ಡ್ಯಾಶ್‌ಬೋರ್ಡಿನ ಗುಬುಟುಗಳಂಥ ಸಣ್ಣ ವಸ್ತುಗಳು. ಆದ್ದರಿಂದ ಓಡದ, ಆದರೆ ಒಂದು ಬಿರಟೆಯೂ ಕಾಣೆಯಾಗದ ಕಾರು, ಓಡುವ ಆದರೆ ಅರ್ಧ ಬೋಳಾದ ಕಾರಿಗಿಂತ ಹಲವು ಸಲ ಒಳ್ಳೆಯ ಆಯ್ಕೆ. ಕಾರಿನ ಜೊತೆಗೇ ಅದರ ವರ್ಕ್‌ಶಾಪ್ ಕೈಪಿಡಿಯನ್ನೂ ಬಿಡಿಭಾಗಗಳ ಕ್ಯಾಟಲಾಗನ್ನೂ ಸಂಪಾದಿಸಿಕೊಳ್ಳಬೇಕು. ಕೈಪಿಡಿ ಬಿಚ್ಚುವುದನ್ನು ಹೇಳಿಕೊಟ್ಟರೆ, ಕ್ಯಾಟಲಾಗಿನ ಚಿತ್ರಗಳು ಯಾವ ವಾಷರ್ ಯಾವ ನಟ್ಟಿನ ಹಿಂದೆ ಕೂರುತ್ತದೆಂಬುದನ್ನು ತೋರಿಸುತ್ತವೆ.

ಕಾರು ಮನೆಗೆ ಬಂದ ಮೇಲೆ ಮೊದಲ ಕೆಲಸ ಪರಿಶೀಲನೆಯೇ ಹೊರತು ಬಿಚ್ಚುವುದಲ್ಲ. ತಗಡಿನ ಮೇಲೆ ಸಣ್ಣ ಅಯಸ್ಕಾಂತವನ್ನು ಆಡಿಸಿದರೆ ಪುಟ್ಟಿ ತುಂಬಿದ ಜಾಗಗಳಲ್ಲಿ ಅದು ಅಂಟುವುದಿಲ್ಲ. ಕಾರಿನ ತಳವನ್ನು ಮೊಂಡು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿದರೆ ಎಲ್ಲಿ ಲೋಹ ಉಳಿದಿದೆ, ಎಲ್ಲಿ ಬರೀ ಬಣ್ಣ ಉಳಿದಿದೆ ಎಂದು ಗೊತ್ತಾಗುತ್ತದೆ. ವರ್ಷಗಟ್ಟಲೆ ನಿಂತಿದ್ದ ಎಂಜಿನ್ನನ್ನು ಸೆಲ್ಫ್ ಹೊಡೆದು ನೋಡುವ ಆಸೆಯನ್ನು ತಡೆದುಕೊಳ್ಳಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಎಣ್ಣೆ ಬಿಟ್ಟು, ಒಂದೆರಡು ದಿನ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಕೈಯಿಂದಲೇ ನಿಧಾನವಾಗಿ ತಿರುಗಿಸಬೇಕು. ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಸ್ಟಾರ್ಟರ್ ಮೋಟಾರಿನ ಬಲ ಅವನ್ನು ಮುರಿಯಬಲ್ಲದು. ಕೈಗೆ ಬಿಗಿತ ತಿಳಿಯುತ್ತದೆ, ಮೋಟಾರಿಗೆ ತಿಳಿಯುವುದಿಲ್ಲ.

ದಾಖಲೆಯ ವಿಷಯದಲ್ಲಿ ಜಿಪುಣತನ ಸಲ್ಲದು. ಬಿಚ್ಚುವ ಮುನ್ನ ಒಂದು ಚಿತ್ರ, ಬಿಚ್ಚುವಾಗ ಒಂದು, ಬಿಚ್ಚಿದ ಮೇಲೆ ಒಂದು. ಪ್ರತಿ ಜೋಡಣೆಯ ನಟ್ಟು-ಬೋಲ್ಟುಗಳಿಗೆ ಹೆಸರು ಬರೆದ ಪ್ರತ್ಯೇಕ ಚೀಲ. ಸಾಧ್ಯವಿದ್ದಲ್ಲಿ ಬೋಲ್ಟನ್ನು ತೆಗೆದ ರಂಧ್ರಕ್ಕೇ ನಾಲ್ಕು ಸುತ್ತು ಮರಳಿ ಹಾಕಿಡುವುದು. 1950ರ ದಶಕದ ಬ್ರಿಟಿಷ್ ಕಾರುಗಳಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅವುಗಳಲ್ಲಿ 55 ಡಿಗ್ರಿ ಕೋನದ ವ್ಹಿಟ್‌ವರ್ತ್ ಬಗೆಯ ಮರೆಗಳೂ (ಬೋಲ್ಟಿನ ಮೈಮೇಲಿನ ಸುರುಳಿ ಗೆರೆಗಳು) 60 ಡಿಗ್ರಿ ಕೋನದ ಯೂನಿಫೈಡ್ ಮರೆಗಳೂ ಒಂದೇ ಕಾರಿನಲ್ಲಿ ಬೆರೆತಿರಬಹುದು. ತಪ್ಪು ಬೋಲ್ಟು ಎರಡು ಸುತ್ತು ಸಲೀಸಾಗಿ ಒಳಗೆ ಹೋಗಿ, ಬಿಗಿ ಮಾಡುವಾಗ ಮರೆಯನ್ನೇ ಕಿತ್ತುಕೊಂಡು ಬರುತ್ತದೆ.

ಹಂತದ ಗಡಿಯನ್ನು ಮೀರಿಸುವ ಮಾತೊಂದಿದೆ: ‘ಹೇಗೂ ಬಿಚ್ಚಿಯಾಗಿದೆ, ಇದನ್ನೂ ಮಾಡಿಬಿಡೋಣ.’ ಕೆಲವೊಮ್ಮೆ ಅದು ನ್ಯಾಯವೇ. ಗೇರ್ ಬಾಕ್ಸ್ ಕೆಳಗಿಳಿದಿರುವಾಗ ಸವೆದ ಕ್ಲಚ್ ಪ್ಲೇಟನ್ನೂ ಕ್ರ್ಯಾಂಕಿನ ಹಿಂಬದಿಯ ಎಣ್ಣೆ ಸೀಲನ್ನೂ ಬದಲಿಸದಿರುವುದು ದಡ್ಡತನ, ಏಕೆಂದರೆ ಅವುಗಳ ಬಳಿ ಹೋಗುವ ಶ್ರಮವೇ ಅವುಗಳ ಬೆಲೆಗಿಂತ ದೊಡ್ಡದು. ಆದರೆ ರೇಡಿಯೇಟರ್ ಹೋಸ್ ಬದಲಿಸಲು ಹೋದವನು ಎಂಜಿನ್ ಬೇ ಪೂರ್ತಿ ಬಣ್ಣ ಹೊಡೆಯಲು ನಿರ್ಧರಿಸಿದರೆ, ಅಲ್ಲಿಂದ ವೈರಿಂಗ್ ಬಿಚ್ಚಿ, ಅಲ್ಲಿಂದ ಡ್ಯಾಶ್‌ಬೋರ್ಡ್ ತೆಗೆದು, ಒಂದು ಸಂಜೆಯ ಕೆಲಸ ಒಂದು ವರ್ಷದ್ದಾಗುತ್ತದೆ. ಎರಡನ್ನೂ ಬೇರ್ಪಡಿಸಲು ಒಂದು ಪರೀಕ್ಷೆ ಸಾಕು: ಈಗ ಬಿಟ್ಟರೆ ಮುಂದೆ ಇದೇ ಭಾಗಗಳನ್ನೇ ಮತ್ತೆ ಬಿಚ್ಚಬೇಕಾಗುತ್ತದೆಯೇ? ಹೌದಾದರೆ ಮಾಡಬೇಕು, ಹೊಸ ಭಾಗಗಳನ್ನು ಬಿಚ್ಚಬೇಕಾಗುವುದಾದರೆ ಪಟ್ಟಿಗೆ ಸೇರಿಸಿ ಬಿಡಬೇಕು.

ಓಡುವ ಮೊದಲು ನಿಲ್ಲಬೇಕು

ಬಾಡಿಯ ರಚನೆ ಗಟ್ಟಿಯಾಗಿದ್ದರೆ ಮೊದಲ ಹಂತ ಬ್ರೇಕು ಮತ್ತು ಟೈರುಗಳದು. ಹಳೆಯ ಕಾರುಗಳಲ್ಲಿ ಹಲವಕ್ಕೆ ಬ್ರೇಕಿನ ಹೈಡ್ರಾಲಿಕ್ ವ್ಯವಸ್ಥೆ ಒಂದೇ ಜಾಲ; ನಾಲ್ಕು ಚಕ್ರಗಳಲ್ಲಿ ಯಾವುದಾದರೊಂದರ ಬಳಿ ಸೋರಿದರೂ ನಾಲ್ಕರ ಬ್ರೇಕೂ ಹೋಗುತ್ತದೆ. ಈಗಿನ ಕಾರುಗಳಲ್ಲಿರುವಂತೆ ಎರಡು ಜಾಲಗಳಾಗಿ ವಿಂಗಡಿಸುವ ಪದ್ಧತಿ 1960ರ ದಶಕದ ಕೊನೆಯಿಂದಷ್ಟೇ ವ್ಯಾಪಕವಾಯಿತು. ಹೀಗಾಗಿ ಹಳೆಯ ಕಾರಿನಲ್ಲಿ ‘ಬ್ರೇಕು ಹಿಡಿಯುತ್ತದೆ’ ಎಂಬ ಮಾರಾಟಗಾರನ ಮಾತಿಗೆ ಬೆಲೆಯಿಲ್ಲ. ಮಾಸ್ಟರ್ ಸಿಲಿಂಡರ್, ಚಕ್ರಗಳ ಸಿಲಿಂಡರುಗಳು, ರಬ್ಬರ್ ಹೋಸುಗಳು ಮತ್ತು ಲೋಹದ ಕೊಳವೆಗಳು ಎಲ್ಲವನ್ನೂ ಒಂದೇ ಹಂತದಲ್ಲಿ ಹೊಸದಾಗಿಸುವುದೇ ಸರಿ. ಹಂತದ ತತ್ತ್ವಕ್ಕೆ ಇದು ವಿರುದ್ಧವಲ್ಲ, ಏಕೆಂದರೆ ಬ್ರೇಕಿನಲ್ಲಿ ಹಂತವೆಂದರೆ ಇಡೀ ವ್ಯವಸ್ಥೆಯೇ.

ಇಲ್ಲಿ ಎರಡು ದೋಷಗಳು ಕಣ್ಣಿಗೆ ಕಾಣುವುದಿಲ್ಲ. ಒಂದು, ರಬ್ಬರ್ ಹೋಸು ಹೊರಗೆ ಚೆನ್ನಾಗಿದ್ದು ಒಳಗೆ ಊದಿಕೊಂಡಿರುವುದು. ಪೆಡಲ್ ತುಳಿದಾಗಿನ ಒತ್ತಡ ದ್ರವವನ್ನು ಆಚೆಗೆ ತಳ್ಳುತ್ತದೆ, ಆದರೆ ಪೆಡಲ್ ಬಿಟ್ಟಾಗ ಅದು ಹಿಂದಿರುಗಲು ದಾರಿಯಿರುವುದಿಲ್ಲ. ಪರಿಣಾಮವಾಗಿ ಆ ಚಕ್ರದ ಬ್ರೇಕು ಹಿಡಿದೇ ಇರುತ್ತದೆ, ಡ್ರಮ್ ಕಾಯುತ್ತದೆ, ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಎರಡನೆಯದು ದ್ರವದಲ್ಲಿ ಸೇರಿಕೊಂಡ ನೀರು. ಗ್ಲೈಕಾಲ್ ಆಧಾರಿತ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಸತತವಾಗಿ ಬ್ರೇಕು ತುಳಿದಾಗ ದ್ರವ ಕುದಿದು ಆವಿಯಾದರೆ, ಆವಿ ಒತ್ತಿದಷ್ಟೂ ಕುಗ್ಗುವುದರಿಂದ ಪೆಡಲ್ ನೆಲ ಮುಟ್ಟುತ್ತದೆ. ಇದೇ ನೀರು ಸಿಲಿಂಡರುಗಳ ಒಳಗೋಡೆಯನ್ನೂ ತುಕ್ಕು ಹಿಡಿಸುತ್ತದೆ. ಸಿಲಿಕೋನ್ ಆಧಾರಿತ ಡಾಟ್ 5 ದ್ರವ ನೀರನ್ನು ಹೀರುವುದಿಲ್ಲವಾದರೂ ಅದನ್ನು ಗ್ಲೈಕಾಲ್ ದ್ರವದೊಂದಿಗೆ ಬೆರೆಸಕೂಡದು. ಹೆಸರು ಹತ್ತಿರವಿದ್ದರೂ ಡಾಟ್ 5.1 ಎಂಬುದು ಬೇರೆಯೇ, ಅದು ಗ್ಲೈಕಾಲ್ ಜಾತಿಯದು.

ಡ್ರಮ್ ತೆರೆದಾಗ ಕಾಣುವ ಧೂಳನ್ನು ಊದಿ ತೆಗೆಯಬಾರದು. ಹಳೆಯ ಲೈನಿಂಗುಗಳಲ್ಲಿ, ಕ್ಲಚ್ ಪ್ಲೇಟಿನಲ್ಲಿ, ಕೆಲವು ಗ್ಯಾಸ್ಕೆಟ್ಟುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದ್ದು, ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ಕ್ಯಾನ್ಸರ್ ತರಬಲ್ಲವು. ಧೂಳನ್ನು ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಮುಚ್ಚಿ ವಿಲೇವಾರಿ ಮಾಡಬೇಕು.

ಟೈರಿನ ಆಳವಾದ ಗೆರೆಗಳು ಮೋಸ ಮಾಡುತ್ತವೆ. ನಿಂತ ಕಾರಿನ ಟೈರು ಸವೆಯದೆಯೇ ಮುದಿಯಾಗುತ್ತದೆ. 2000ದ ನಂತರದ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳ ಸಂಕೇತವಿರುತ್ತದೆ: 3518 ಎಂದಿದ್ದರೆ 2018ರ 35ನೆಯ ವಾರದಲ್ಲಿ ತಯಾರಾದದ್ದು. ಮೂರೇ ಅಂಕಿಗಳಿದ್ದರೆ ಆ ಟೈರು ಕಳೆದ ಶತಮಾನದ್ದು, ಅದನ್ನು ಕಾರನ್ನು ಗ್ಯಾರೇಜಿನೊಳಗೆ ತಳ್ಳಲು ಮಾತ್ರ ಬಳಸಬಹುದು.

ಈ ಹಂತದಿಂದಲೇ ಕಾರಿನ ಅಡಿಗೆ ನುಸುಳಬೇಕಾಗುವುದರಿಂದ ಒಂದು ಮಾತು ಹೇಳಿಬಿಡಬೇಕು. ಜ್ಯಾಕ್ ಇರುವುದು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಅದರ ಒಳಗಿನ ಒಂದು ಸಣ್ಣ ಸೀಲ್ ಸೋತರೆ ಕಾರು ಕೆಳಗೆ ಬರುತ್ತದೆ. ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ತೂಕಕ್ಕೆ ತಕ್ಕ ಸ್ಟ್ಯಾಂಡುಗಳನ್ನು ಕೊಟ್ಟು, ನೆಲದಲ್ಲಿರುವ ಚಕ್ರಗಳಿಗೆ ಅಡ್ಡ ಇಟ್ಟು, ಕಾರನ್ನು ಬಲವಾಗಿ ಅಲುಗಾಡಿಸಿ ನೋಡಿದ ಮೇಲೆಯೇ ಒಳಗೆ ಹೋಗಬೇಕು. ಇಟ್ಟಿಗೆ ಮತ್ತು ಟೊಳ್ಳು ಕಾಂಕ್ರೀಟ್ ಬ್ಲಾಕುಗಳು ಯಾವ ಮುನ್ಸೂಚನೆಯೂ ಇಲ್ಲದೆ ಪುಡಿಯಾಗುತ್ತವೆ.

ತುಕ್ಕಿನ ಒಳಗುಟ್ಟು

ಹಳೆಯ ಕಾರಿನ ನಿಜವಾದ ಶತ್ರು ಕಿಲೋಮೀಟರುಗಳಲ್ಲ, ನೀರು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು ಎಂಬುದು ಶಾಲೆಯ ಪಾಠ. ಆದರೆ ಕಾರು ವಿಶಾಲವಾದ ಮೇಲ್ಮೈಯಲ್ಲಿ ಕೊಳೆಯದೆ ಸಂದುಗೊಂದುಗಳಲ್ಲೇ ಏಕೆ ಕೊಳೆಯುತ್ತದೆ ಎಂಬುದಕ್ಕೆ ಆ ಪಾಠದಲ್ಲಿ ಉತ್ತರವಿಲ್ಲ. ಎರಡು ತಗಡುಗಳು ಒಂದರ ಮೇಲೊಂದು ಕೂತ ಜಾಗದೊಳಗೆ ನೀರು ಸೇರಿಕೊಂಡರೆ, ಅಂಚಿನ ನೀರಿಗೆ ಗಾಳಿಯ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ, ಆಳದ ನೀರಿಗೆ ಸಿಗುವುದಿಲ್ಲ. ಈ ವ್ಯತ್ಯಾಸವೇ ಒಂದು ಪುಟ್ಟ ವಿದ್ಯುತ್ ಕೋಶವನ್ನು ಸೃಷ್ಟಿಸುತ್ತದೆ: ಆಮ್ಲಜನಕ ಹೆಚ್ಚಿರುವ ಅಂಚು ಕ್ಯಾಥೋಡಾಗಿ ಉಳಿದುಕೊಳ್ಳುತ್ತದೆ, ಕಡಿಮೆಯಿರುವ ಆಳ ಆ್ಯನೋಡಾಗಿ ಕರಗುತ್ತದೆ. ನೀರಿನಲ್ಲಿ ಉಪ್ಪಿದ್ದರೆ ವಿದ್ಯುತ್ ಇನ್ನೂ ಸಲೀಸಾಗಿ ಹರಿಯುವುದರಿಂದ ಕೊಳೆತ ಇಮ್ಮಡಿಸುತ್ತದೆ. ಹುಟ್ಟಿದ ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಅದು ತಗಡುಗಳನ್ನು ದೂಡಿ ಸಂದನ್ನು ಹಿಗ್ಗಿಸುತ್ತದೆ, ಹಿಗ್ಗಿದ ಸಂದಿಗೆ ಮತ್ತಷ್ಟು ನೀರು ಬರುತ್ತದೆ. ಗೆದ್ದಲು ಹಿಡಿದ ಬಾಗಿಲಿನಂತೆ ಹೊರಗೆ ಬಣ್ಣ ನುಣುಪಾಗಿಯೇ ಇದ್ದು, ಒಂದು ದಿನ ಬೆರಳು ಒತ್ತಿದಾಗ ಒಳಗೆ ಹೋಗುತ್ತದೆ. ಬಣ್ಣದ ಮೇಲೆ ಗುಳ್ಳೆ ಕಂಡಿತೆಂದರೆ ತುಕ್ಕು ಆರಂಭವಾಗಿದೆ ಎಂದಲ್ಲ, ಒಳಗಿನ ಕೆಲಸ ಮುಗಿಸಿ ಹೊರಬಂದಿದೆ ಎಂದರ್ಥ.

ಆದ್ದರಿಂದ ತುಕ್ಕಿನ ಹಂತದಲ್ಲಿ ಮೊದಲ ಕೆಲಸ ಕತ್ತರಿಸುವುದೂ ಅಲ್ಲ, ಬೆಸೆಯುವುದೂ ಅಲ್ಲ, ನೀರು ಬರುವ ದಾರಿಯನ್ನು ಮುಚ್ಚಿ ಹೋಗುವ ದಾರಿಯನ್ನು ತೆರೆಯುವುದು. ಗಾಜಿನ ಸುತ್ತಲಿನ ಬಿರುಕುಬಿಟ್ಟ ರಬ್ಬರುಗಳನ್ನು ಬದಲಿಸಬೇಕು. ಬಾಗಿಲುಗಳ ತಳದಲ್ಲಿ, ವಿಂಡ್‌ಸ್ಕ್ರೀನಿನ ಕೆಳಗಿನ ತೊಟ್ಟಿಯಲ್ಲಿ ನೀರು ಹರಿದುಹೋಗಲೆಂದು ಕಾರ್ಖಾನೆಯೇ ಬಿಟ್ಟ ರಂಧ್ರಗಳು ಎಲೆ, ಮಣ್ಣುಗಳಿಂದ ಕಟ್ಟಿರುತ್ತವೆ. ಅವನ್ನು ತಂತಿಯಿಂದ ಬಿಡಿಸಬೇಕು. ಒಳಗಿನ ಕಾರ್ಪೆಟ್ಟನ್ನು ಎತ್ತಿ ಒಣಗಿಸಬೇಕು. ಒಂದು ದಿನದ ಈ ಕೆಲಸ ಕೊಳೆತವನ್ನು ವರ್ಷಗಟ್ಟಲೆ ನಿಧಾನಗೊಳಿಸಿ, ಉಳಿದ ಹಂತಗಳಿಗೆ ಬಿಡುವು ಕೊಡುತ್ತದೆ.

ಮುಂದಿನದು ಯಾವ ತುಕ್ಕು ಭಾರ ಹೊರುವ ಭಾಗದಲ್ಲಿದೆ ಎಂಬುದರ ತೀರ್ಮಾನ. ಬೀಟಲಿನಲ್ಲಿ ತಳದ ವೇದಿಕೆಯೇ ಬೇರೆ, ಅದರ ಮೇಲೆ ಬೋಲ್ಟುಗಳಿಂದ ಕೂರುವ ಬಾಡಿಯೇ ಬೇರೆ. ಎಂಜಿಬಿಯಂಥ ಕಾರಿನಲ್ಲಿ ಪ್ರತ್ಯೇಕ ಚಾಸಿಸ್ ಇಲ್ಲ. ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ, ಸಿಲ್ ಎಂದು ಕರೆಯುವ ಪೆಟ್ಟಿಗೆಯಾಕಾರದ ಭಾಗವೇ ಅದರ ಬೆನ್ನೆಲುಬು. ಚಾವಣಿಯಿಲ್ಲದ ಮಾದರಿಗಳಲ್ಲಂತೂ ಕಾರು ನಡುವೆ ಬಾಗದಂತೆ ಹಿಡಿದಿಡುವ ಹೊರೆ ಹೆಚ್ಚಾಗಿ ಸಿಲ್‌ಗಳ ಮೇಲೆಯೇ ಬೀಳುತ್ತದೆ. ಇಂಥ ಸಿಲ್ಲನ್ನು ಕತ್ತರಿಸುವ ಮುನ್ನ ಬಾಗಿಲಿನ ಚೌಕಟ್ಟಿಗೆ ಅಡ್ಡ ಕಂಬಿ ಬೆಸೆದು, ಕಾರಿನ ತೂಕವನ್ನು ಸಸ್ಪೆನ್ಷನ್ ಕೂರುವ ಬಿಂದುಗಳಲ್ಲಿ ಹೊರಿಸಿ, ಬಾಗಿಲಿನ ಸುತ್ತಲಿನ ಸಂದುಗಳನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಹಾಗೆ ಮಾಡದೆ ಎರಡೂ ಬದಿ ಒಟ್ಟಿಗೆ ಕತ್ತರಿಸಿದರೆ ಬಾಡಿ ತುಸು ಬಾಗುತ್ತದೆ, ಹೊಸ ತಗಡನ್ನು ಬೆಸೆದಾಗ ಆ ಬಾಗು ಶಾಶ್ವತವಾಗುತ್ತದೆ, ಮತ್ತು ಬಾಗಿಲು ಇನ್ನೆಂದೂ ಸರಿಯಾಗಿ ಮುಚ್ಚುವುದಿಲ್ಲ. ಪರಿಶೀಲನೆಯಲ್ಲಿ ಇಂಥ ಕೊಳೆತ ಕಂಡರೆ ಅದು ಬ್ರೇಕಿಗಿಂತಲೂ ಮುಂಚಿನ ಹಂತವಾಗುತ್ತದೆ, ಮತ್ತು ಅದು ಮುಗಿಯುವವರೆಗೆ ಕಾರನ್ನು ಓಡಿಸುವ ಯೋಚನೆಯನ್ನೇ ಬಿಡಬೇಕು.

ಬಾಡಿಯ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸಿನ ದಪ್ಪದ್ದು. ಇದರ ಮೇಲೆ ಉದ್ದಕ್ಕೆ ಒಂದೇ ಸಮನೆ ಬೆಸುಗೆ ಎಳೆದರೆ ಶಾಖಕ್ಕೆ ಹಿಗ್ಗಿ, ಆರುವಾಗ ಕುಗ್ಗಿ, ಫಲಕ ಅಲೆಯಂತೆ ತಿರುಚಿಕೊಳ್ಳುತ್ತದೆ. ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು ಚುಕ್ಕೆ, ನಡುವೆ ಆರಲು ಬಿಡುವು, ಹೀಗೆ ಚುಕ್ಕೆಗಳನ್ನು ಕೂಡಿಸುತ್ತ ಹೋಗುವುದು ಅನಿಲದ ರಕ್ಷಣೆಯಲ್ಲಿ ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗಿನಲ್ಲಿ ಹವ್ಯಾಸಿಗೆ ಎಟುಕುವ ವಿಧಾನ. ತೇಪೆಯನ್ನು ತುಕ್ಕಿನ ಮೇಲೆ ಹೊದಿಸದೆ, ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ಅಂಚಿಗೆ ಅಂಚು ಕೂಡಿಸಬೇಕು. ಹೊದಿಸಿದ ತೇಪೆ ಎಂದರೆ ಹೊಸದೊಂದು ಸಂದು. ಬೆಸುಗೆ ಬಾರದವರು ಸುಲಿದು, ಕತ್ತರಿಸಿ, ತಗಡನ್ನು ಅಳತೆಗೆ ಮಾಡಿಟ್ಟು, ಬೆಸೆಯುವ ಕೆಲಸವನ್ನಷ್ಟೇ ಬಲ್ಲವರಿಗೆ ಒಪ್ಪಿಸಬಹುದು. ಖರ್ಚಿನ ದೊಡ್ಡ ಪಾಲು ತಯಾರಿಯಲ್ಲೇ ಇರುವುದರಿಂದ ಇದು ಜಾಣತನದ ಹಂಚಿಕೆ. ಬೆಸುಗೆಗೆ ಮೊದಲು ಬ್ಯಾಟರಿ ಕಳಚಬೇಕು, ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದ ತೆಗೆದು ದೂರವಿಡಬೇಕು. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯಕಾರಿ, ಏಕೆಂದರೆ ಅದರ ತುಂಬ ಗಾಳಿ ಬೆರೆತ ಆವಿಯಿರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತೊಳೆದ ಲೋಹವನ್ನು ಬೆಸೆಯುವುದೂ ಕೂಡದು. ಆ ದ್ರಾವಕ ಬೆಸುಗೆಯ ಕಿಡಿಯಲ್ಲಿ ಫಾಸ್‌ಜೀನ್ ಎಂಬ ವಿಷಾನಿಲವಾಗಬಲ್ಲದು.

ಬಿಚ್ಚಬಹುದಾದ ಸಣ್ಣ ಭಾಗಗಳ ತುಕ್ಕು ತೆಗೆಯಲು ವಿದ್ಯುದ್ವಿಭಜನೆ ಸೊಗಸಾದ ವಿಧಾನ. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಭಾಗವನ್ನು ಮುಳುಗಿಸಿ ಚಾರ್ಜರಿನ ಋಣ ತುದಿಗೆ, ಒಂದು ಸಾಧಾರಣ ಕಬ್ಬಿಣದ ತುಂಡನ್ನು ಧನ ತುದಿಗೆ ಜೋಡಿಸಿದರೆ, ಒಳ್ಳೆಯ ಲೋಹ ಸವೆಯದೆ ತುಕ್ಕಷ್ಟೇ ಸಡಿಲವಾಗುತ್ತದೆ. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ನೀರಿಗೆ ಬರುತ್ತವೆ. ಹೊರಬರುವ ಜಲಜನಕ ಉರಿಯುವ ಅನಿಲವಾದ್ದರಿಂದ ಇದನ್ನು ಬಯಲಿನಲ್ಲೇ ಮಾಡಬೇಕು. ಬೆಸೆದ ಪೆಟ್ಟಿಗೆಯಾಕಾರದ ಭಾಗಗಳ ಒಳಗೆ ಇದು ಎಟುಕುವುದಿಲ್ಲ. ಅಲ್ಲಿಗೆ ಸಂದುಗಳಿಗೆ ಹರಿದು ಅಂಟಿಕೊಳ್ಳುವ ಮೇಣದಂಥ ದ್ರವವನ್ನು ಉದ್ದನೆಯ ಕೊಳವೆಯಿಂದ ಸಿಂಪಡಿಸಬೇಕು. ತಳಕ್ಕೆ ದಪ್ಪನೆಯ ಡಾಂಬರಿನಂಥ ಲೇಪ ಬಳಿಯುವ ಹಳೆಯ ಅಭ್ಯಾಸದ ಬಗ್ಗೆ ನನಗೆ ಒಲವಿಲ್ಲ: ಅದು ಬಿರುಕುಬಿಟ್ಟಾಗ ನೀರನ್ನು ಒಳಗೆ ಹಿಡಿದಿಟ್ಟುಕೊಂಡು, ಕೊಳೆತವನ್ನು ಕಣ್ಣಿಗೆ ಬೀಳದಂತೆ ಕಾಪಾಡುತ್ತದೆ.

ಎಂಜಿನ್: ಅಳೆದು ಬಿಚ್ಚುವುದು

ಎಂಜಿನ್ ಹೊಗೆಯುಗುಳುತ್ತದೆ ಎಂದಾಕ್ಷಣ ಅದನ್ನು ಇಳಿಸಿ ಬಿಚ್ಚುವುದು ಸಾಮಾನ್ಯ. ಅದಕ್ಕೆ ಮೊದಲು ಕಂಪ್ರೆಷನ್ ಗೇಜ್ ಒಂದನ್ನು ಕೊಳ್ಳುವುದು ಒಳಿತು. ಎಂಜಿನ್ ಬಿಸಿಯಿರುವಾಗ, ಇಗ್ನಿಷನ್ ಕಳಚಿ, ಎಲ್ಲ ಪ್ಲಗ್ಗುಗಳನ್ನೂ ತೆಗೆದು, ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಪ್ರತಿ ಸಿಲಿಂಡರಿನ ಒತ್ತಡ ತಿಳಿಯುತ್ತದೆ. ಇಲ್ಲಿ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ಸಮಾನತೆ ಮುಖ್ಯ. ಒಂದು ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಿದ್ದರೆ ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು: ಎಣ್ಣೆ ರಿಂಗುಗಳ ಸುತ್ತಲಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚುವುದರಿಂದ ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ಬಹುಶಃ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲ್ಮುಚ್ಚಳವಾದ ಹೆಡ್‌ಗೂ ನಡುವಿನ ಸೀಲು) ಹೋಗಿರುವ ಸಂಶಯ ಬಲವಾಗುತ್ತದೆ. ಹೀಗೆ ಅರ್ಧ ಗಂಟೆಯ ಅಳತೆ, ಕೆಲಸ ಹೆಡ್ ಮಟ್ಟಕ್ಕೇ ನಿಲ್ಲುತ್ತದೆಯೋ ಪಿಸ್ಟನ್‌ವರೆಗೆ ಇಳಿಯಬೇಕೋ ಎಂಬುದನ್ನು ಹೇಳಿಬಿಡುತ್ತದೆ.

ಟ್ಯೂನಿಂಗ್‌ನಲ್ಲೂ ಕ್ರಮ ಮುಖ್ಯ, ಮತ್ತು ಈ ಕ್ರಮಕ್ಕೆ ಕಾರಣವಿದೆ. ಮೊದಲು ವಾಲ್ವಿನ ಸಂದು, ಆಮೇಲೆ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ (ತೆರೆದುಕೊಂಡಾಗ ಕಿಡಿ ಹುಟ್ಟಿಸುವ ಸಂಪರ್ಕ ತುದಿಗಳ) ಅಂತರ, ಆಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಕಟ್ಟಕಡೆಗೆ ಕಾರ್ಬುರೇಟರ್. ಪಾಯಿಂಟುಗಳ ಅಂತರ ಹೆಚ್ಚಾದರೆ ಅವು ಬೇಗ ತೆರೆದುಕೊಂಡು ಕಿಡಿ ಮುಂಚಿತವಾಗಿ ಹಾರುತ್ತದೆ. ಅಂದರೆ ಅಂತರ ಮುಟ್ಟಿದರೆ ಟೈಮಿಂಗ್ ತಾನಾಗಿ ಬದಲಾಗುತ್ತದೆ, ಟೈಮಿಂಗ್ ಮುಟ್ಟಿದರೆ ಅಂತರ ಬದಲಾಗುವುದಿಲ್ಲ. ಕಾರ್ಬುರೇಟರಿನ ಸ್ಕ್ರೂಗಳನ್ನು ಮೊದಲೇ ತಿರುಗಿಸುವವನು ಇಗ್ನಿಷನ್ನಿನ ದೋಷಕ್ಕೆ ಪೆಟ್ರೋಲಿನಿಂದ ಮದ್ದು ಹುಡುಕುತ್ತಿರುತ್ತಾನೆ, ಹೀಗಾಗಿ ಎರಡೂ ಕೆಡುತ್ತವೆ.

ಇಂಧನದ ಬಗ್ಗೆ ಎರಡು ಸಂಗತಿಗಳು. ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ಹಳೆಯ ಬಗೆಯ ರಬ್ಬರನ್ನು ಮೆತ್ತಗಾಗಿಸಿ ಬಿರುಕುಗೊಳಿಸುತ್ತದೆ, ಟ್ಯಾಂಕಿನ ತಳದಲ್ಲಿ ದಶಕಗಳಿಂದ ಕೂತ ಗಸಿಯನ್ನೂ ಸಡಿಲಿಸುತ್ತದೆ. ಆದ್ದರಿಂದ ಎಂಜಿನ್ನಿನ ಶಾಖದ ಪಕ್ಕದಲ್ಲೇ ಹಾದುಹೋಗುವ ಪೆಟ್ರೋಲ್ ಹೋಸುಗಳನ್ನು ಎಥನಾಲ್ ತಾಳಿಕೊಳ್ಳುವವುಗಳಿಗೆ ಬದಲಿಸುವುದು ಬೆಂಕಿಯಿಂದ ರಕ್ಷಣೆಯ ಮೊದಲ ಕ್ರಮ. ಇನ್ನೊಂದು, ಸೀಸ. ವಾಹನಗಳ ಪೆಟ್ರೋಲಿಗೆ ಸೀಸ ಬೆರೆಸುವ ಪದ್ಧತಿ 2021ರಲ್ಲಿ ಪ್ರಪಂಚದಾದ್ಯಂತ ಕೊನೆಗೊಂಡಿತು. ಹಳೆಯ ಎಂಜಿನ್ನುಗಳ ಎರಕದ ಕಬ್ಬಿಣದ ವಾಲ್ವ್ ಸೀಟುಗಳ ಮೇಲೆ ಕೂರುತ್ತಿದ್ದ ಸೀಸದ ಪದರ ಎಗ್ಸಾಸ್ಟ್ ವಾಲ್ವಿನ ಹೊಡೆತವನ್ನು ತಾಳಿಕೊಳ್ಳುತ್ತಿತ್ತು. ಅದಿಲ್ಲದೆ ಹೆಚ್ಚು ವೇಗದಲ್ಲಿ ಬಹುಕಾಲ ಓಡಿಸಿದರೆ ಸೀಟು ಸವೆದು ವಾಲ್ವ್ ಒಳಗೆ ಕುಸಿಯುತ್ತದೆ. ಇದಕ್ಕೆ ಹೆದರಿ ಕೂಡಲೇ ಹೆಡ್ ಬಿಚ್ಚಬೇಕಾಗಿಲ್ಲ. ವಾಲ್ವ್ ಕುಸಿದಂತೆ ವಾಲ್ವಿನ ಸಂದು ಕಿರಿದಾಗುತ್ತ ಹೋಗುವುದರಿಂದ, ಆಗಾಗ ತೆಳು ಪಟ್ಟಿಗಳ ಫೀಲರ್ ಗೇಜಿನಿಂದ ಅಳೆದು ಬರೆದಿಟ್ಟರೆ ಸವೆತದ ವೇಗ ತಿಳಿಯುತ್ತದೆ. ವಾರಕ್ಕೊಮ್ಮೆ ಸಾವಕಾಶವಾಗಿ ಓಡುವ ಕಾರಿನಲ್ಲಿ ಅದು ತೀರ ನಿಧಾನವಾಗಿರಬಹುದು. ಮುಂದೆ ಬೇರೆ ಕಾರಣಕ್ಕೆ ಹೆಡ್ ಇಳಿಸಿದಾಗ ಗಟ್ಟಿ ಲೋಹದ ಸೀಟುಗಳನ್ನು ಹಾಕಿಸಿದರಾಯಿತು.

ವಿದ್ಯುತ್ ವ್ಯವಸ್ಥೆಯ ದೋಷಗಳಲ್ಲಿ ಬಹಳಷ್ಟು ತಂತಿಯಲ್ಲಿರದೆ ಅರ್ಥಿಂಗ್‌ನಲ್ಲಿರುತ್ತವೆ. ಕಾರಿನ ಬಾಡಿಯೇ ವಿದ್ಯುತ್ ಹಿಂದಿರುಗುವ ದಾರಿಯಾದ್ದರಿಂದ, ದೀಪವನ್ನು ಬಾಡಿಗೆ ಕೂಡಿಸುವ ಸ್ಕ್ರೂವಿನಡಿಯ ತುಕ್ಕು ಅಥವಾ ಹೊಸ ಬಣ್ಣದ ಪದರವೇ ಅಡ್ಡಿಯಾಗುತ್ತದೆ. ದೀಪ ಉರಿಯುತ್ತಿರುವಾಗ ಅದರ ಹೊರಕವಚಕ್ಕೂ ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೂ ಮಲ್ಟಿಮೀಟರ್ ಹಿಡಿದರೆ ಸೊನ್ನೆಗೆ ಹತ್ತಿರದ ಅಂಕಿ ಬರಬೇಕು. ಅರ್ಧ ವೋಲ್ಟ್ ಬಂದರೆ ಆ ದಾರಿಯನ್ನು ಉಜ್ಜಿ ಶುಚಿ ಮಾಡಬೇಕು. 1960ರ ದಶಕದವರೆಗಿನ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಕೂಡುವುದು ಬ್ಯಾಟರಿಯ ಧನ ತುದಿ. ಇದನ್ನು ಗಮನಿಸದೆ ಈ ಕಾಲದ ಉಪಕರಣ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ. ತಂತಿಯ ಹೊದಿಕೆ ಬಾಗಿಸಿದಾಗ ಪುಡಿಯಾಗಿ ಉದುರಿದರೆ ದುರಸ್ತಿಯ ಯೋಚನೆ ಬಿಟ್ಟು ಇಡೀ ವೈರಿಂಗನ್ನು ಬದಲಿಸಬೇಕು.

ಬಣ್ಣ ಕೊನೆಗೆ

ಹೊರಗಿನ ಹೊಳಪು ಎಲ್ಲರ ಕಣ್ಣಿಗೂ ಬೀಳುವುದರಿಂದ ಬಣ್ಣವನ್ನು ಮೊದಲೇ ಮಾಡಿಸುವ ಸೆಳೆತ ಸಹಜ. ಆದರೆ ಎಂಜಿನ್ ಎತ್ತುವ ಸರಪಳಿ, ಜಾರುವ ಸ್ಪ್ಯಾನರ್, ಬಣ್ಣವನ್ನೇ ಕರಗಿಸುವ ಬ್ರೇಕ್ ದ್ರವ ಇವೆಲ್ಲ ಮುಗಿದ ಮೇಲೆಯೇ ಅದರ ಸರದಿ. ತಗಡನ್ನು ಸುಲಿಯುವುದು, ಪ್ರೈಮರ್ ಹಚ್ಚುವುದು, ಹಂತಹಂತವಾಗಿ ಉಜ್ಜುವುದು ಮನೆಯಲ್ಲೇ ಸಾಧ್ಯ. ಹಳೆಯ ಪದರಗಳಲ್ಲಿ ಸೀಸ ಇರಬಹುದಾದ್ದರಿಂದ ನೀರು ಹಾಕಿಯೇ ಉಜ್ಜಬೇಕು. ಕೊನೆಯ ಬಣ್ಣವನ್ನು ಮಾತ್ರ ಸ್ಪ್ರೇ ಬೂತ್ ಇರುವವರಿಗೆ ಬಿಡುವುದು ಮೇಲು. ಎರಡು ದ್ರವ ಬೆರೆಸಿ ಹೊಡೆಯುವ ಈಗಿನ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಅದು ಆಸ್ತಮಾ ತರಬಲ್ಲದು, ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಅಲ್ಪ ಪ್ರಮಾಣವನ್ನೂ ತಾಳಿಕೊಳ್ಳುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವಿಲ್ಲದೆ ಅದನ್ನು ಸಿಂಪಡಿಸಬಾರದು. ಸೀಟು, ಒಳಚಾವಣಿ, ಕಾರ್ಪೆಟ್‌ಗಳು ಬಣ್ಣದ ನಂತರ. ಅವುಗಳಲ್ಲಿ ಬೇಕಾದುದು ಹೊಲಿಗೆಯ ಅಚ್ಚುಕಟ್ಟೇ ಹೊರತು ತಂತ್ರಜ್ಞಾನವಲ್ಲ.

ಕೆಲಸ ಮುಗಿದ ಕಾರನ್ನು ಹೊದಿಕೆ ಹಾಕಿ ನಿಲ್ಲಿಸಿದರೆ ಸೀಲುಗಳು ಒಣಗುತ್ತವೆ, ಬ್ರೇಕ್ ಸಿಲಿಂಡರುಗಳು ಕಚ್ಚಿಕೊಳ್ಳುತ್ತವೆ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ತಣ್ಣಗಿನ ಎಂಜಿನ್ ಎಣ್ಣೆಯಲ್ಲೂ ಸೈಲೆನ್ಸರಿನಲ್ಲೂ ನೀರಾಗಿ ನಿಲ್ಲುತ್ತದೆ. ಎಣ್ಣೆ ಪೂರ್ತಿ ಬಿಸಿಯಾಗಿ ಆ ನೀರು ಆವಿಯಾಗಿ ಹೋಗುವಷ್ಟು ದೂರ, ಅಂದರೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ, ಕೆಲವು ವಾರಗಳಿಗೊಮ್ಮೆ ಓಡಿಸಬೇಕು; ಎರಡು ವರ್ಷಕ್ಕೊಮ್ಮೆ ಬ್ರೇಕ್ ದ್ರವ ಬದಲಿಸಬೇಕು; ಹೊಸದಾಗಿ ಜೋಡಿಸಿದ ಸಸ್ಪೆನ್ಷನ್ ಮತ್ತು ಚಕ್ರದ ನಟ್ಟುಗಳನ್ನು ಮೊದಲ ಕೆಲವು ಓಟಗಳ ನಂತರ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಬೇಕು.